ಹೊಸದಾಗಿ ಬಂದದ್ದು, ಮೊದಲೇ ಇದ್ದದ್ದು

ಕೇಳುಗರೇ, ನಮಸ್ಕಾರ.

1986ರ ಏಪ್ರಿಲ್ 26ರಂದು ಚೆರ್ನೋಬಿಲ್‌ನ ರಿಯಾಕ್ಟರ್ ಸಿಡಿಯಿತು. ಸೋವಿಯತ್ ಸರ್ಕಾರ ಹೊರಗಿನವರಿಗೆ ಬಾಯಿ ಬಿಡಲಿಲ್ಲ. ಎರಡು ದಿನ ಕಳೆದ ಮೇಲೆ, ಸಾವಿರ ಕಿಲೋಮೀಟರಿಗೂ ದೂರದ ಸ್ವೀಡನ್ನಿನ ಫೋರ್ಸ್‌ಮಾರ್ಕ್ ಅಣುಸ್ಥಾವರದಲ್ಲಿ ನೌಕರರ ಬೂಟಿನಲ್ಲಿ ವಿಕಿರಣ ಇದೆಯೇ ಅಂತ ತಪಾಸಿಸುವ ಯಂತ್ರ ಕೂಗಿಕೊಂಡಿತು. ತಮ್ಮ ಸ್ಥಾವರವೇ ಸೋರುತ್ತಿದೆ ಅಂತ ಅವರು ಮೊದಲು ಹೆದರಿದರು. ಹುಡುಕಿದರೆ ಆ ವಿಕಿರಣದ ಧೂಳು ಹೊರಗಿನಿಂದ, ಗಾಳಿಯಲ್ಲಿ ಬಂದದ್ದು. ಆ ಸಂಜೆಯೇ ಮಾಸ್ಕೋ ಒಪ್ಪಿಕೊಂಡಿತು.

ನಮ್ಮೂರಲ್ಲಿ ಇಂಥ ಅಳತೆ ಇನ್ನೂ ಸೂಕ್ಷ್ಮದ್ದು. ಉಳ್ಳಾಲದ ಕಡಲತೀರದ ಮರಳಿನಲ್ಲಿ ಮೋನಝೈಟ್ ಎಂಬ ಖನಿಜ ಇದೆ, ಅದರೊಳಗೆ ತಾನಾಗಿಯೇ ವಿಕಿರಣ ಸೂಸುವ ಥೋರಿಯಂ. ಹಾಗಾಗಿ ಅಲ್ಲಿ ಕೆಲವು ಕಡೆ ವಿಕಿರಣ ಸಹಜವಾಗಿಯೇ ಜಾಸ್ತಿ. ಎಲ್ಲೋ ಅಪಘಾತವಾದ ದಿನ ಯಾರಾದರೂ ಅಲ್ಲಿ ವಿಕಿರಣ ಅಳೆಯುವ ಗೈಗರ್ ಕೌಂಟರ್ ಹಿಡಿದು, ಅದರ ಟಿಕ್ ಟಿಕ್ ಸದ್ದನ್ನು ವಾಟ್ಸಾಪಿಗೆ ಹಾಕಿದರೆ? ಊರಿಗೆ ಊರೇ ಸುಮ್ನೆ ಗಾಬರಿ ಬೀಳುತ್ತದೆ, ಅಲ್ವಾ?

ಆ ಕೌಂಟರ್ ವಿಕಿರಣ ಎಷ್ಟಿದೆ ಅಂತ ಹೇಳುತ್ತದೆ, ಯಾವ ವಸ್ತುವಿನದ್ದು ಅಂತ ಹೇಳುವುದಿಲ್ಲ. ಅದಕ್ಕೆ ಗಾಮಾ ಸ್ಪೆಕ್ಟ್ರೋಮೀಟರ್ ಬೇಕು. ದ್ರವ ಸಾರಜನಕದಿಂದ ತಣ್ಣಗಿಟ್ಟ ಜರ್ಮೇನಿಯಂ ಹರಳಿನ ಹತ್ತಿರ ಮಣ್ಣನ್ನೋ ಹಾಲನ್ನೋ ಡಬ್ಬಿಯಲ್ಲಿಟ್ಟು ಗಂಟೆಗಟ್ಟಲೆ ಕಾಯಬೇಕು. ಪರದೆಯ ಮೇಲೆ ಒಂದೊಂದೇ ಮೊನೆ ಏಳುತ್ತದೆ, ಅದು ಏಳುವ ಜಾಗ ಆ ಕಿರಣದ ಶಕ್ತಿಯನ್ನು ತೋರಿಸುತ್ತದೆ. 2,615 ಕಿಲೋ ಎಲೆಕ್ಟ್ರಾನ್ ವೋಲ್ಟ್ ಹತ್ತಿರ ಎದ್ದರೆ ಥೋರಿಯಂ ಬಳಗ, ನಮ್ಮ ಮರಳಿನದ್ದೇ. 662ರಲ್ಲಿ ಎದ್ದರೆ ಸೀಸಿಯಂ-137. ಅದು ಹಳೆಯ ಬಾಂಬ್ ಪರೀಕ್ಷೆಗಳದ್ದೂ ಇರಬಹುದು. ಜೊತೆಗೆ ಸೀಸಿಯಂ-134 ಕೂಡ ಕಂಡರೆ ರಿಯಾಕ್ಟರಿನ ಮೇಲೆ ಅನುಮಾನ ಪಡಬೇಕು. ಎರಡು ವರ್ಷಕ್ಕೆ ಅರ್ಧವಾಗುವ ಅದು ಹಳೆಯದಾಗಿರುವುದು ಕಷ್ಟ.

ಕೊಣಾಜೆಯ ಮಂಗಳೂರು ವಿಶ್ವವಿದ್ಯಾನಿಲಯದವರು ಕರಾವಳಿಯಲ್ಲೂ ಕೈಗಾ ಅಣುಸ್ಥಾವರದ ಸುತ್ತಮುತ್ತಲೂ ಇಂಥ ಅಳತೆ ಮಾಡಿದ್ದಾರೆ. ಬಹಳ ದೊಡ್ಡ ಕೆಲಸ ಇದು. ಮೊದಲು ಎಷ್ಟಿತ್ತು ಅಂತ ಗೊತ್ತಿಲ್ಲದಿದ್ದರೆ, ಆಮೇಲೆ ಎಷ್ಟು ಬಂತು ಅಂತ ಹೇಳುವುದು ಹೇಗೆ?

ನನಗೆ ಹೆಚ್ಚು ಕಾಳಜಿ ಇರುವುದು ಹಾಲಿನ ಬಗ್ಗೆ. ರಿಯಾಕ್ಟರ್ ಸಿಡಿದಾಗ ಹೊರಬರುವ, ವಿಕಿರಣ ಸೂಸುವ ಅಯೋಡಿನ್-131 ಮಳೆಯೊಂದಿಗೆ ಹುಲ್ಲಿಗೆ ಇಳಿಯುತ್ತದೆ, ದನದ ಹಾಲಿಗೆ ಬರುತ್ತದೆ, ಮಗುವಿನ ಥೈರಾಯ್ಡ್ ಗ್ರಂಥಿ ಸೇರುತ್ತದೆ. ಚೆರ್ನೋಬಿಲ್ ಸುತ್ತ ಆ ಹಾಲು ಕುಡಿದ ಸಾವಿರಾರು ಮಕ್ಕಳಿಗೆ ಮುಂದೆ ಕ್ಯಾನ್ಸರ್ ಬಂತು. ಆದರೆ ಈ ಅಯೋಡಿನ್ ಎಂಟು ದಿನಕ್ಕೆ ಅರ್ಧವಾಗುತ್ತದೆ. ಕೆಲವು ವಾರ ದನವನ್ನು ಗುಡ್ಡೆಗೆ ಬಿಡದೆ, ಹಟ್ಟಿಯ ಅಟ್ಟದಲ್ಲಿ ಮೊದಲೇ ತುಂಬಿಟ್ಟ ಬೈಹುಲ್ಲು ಹಾಕಿದರೆ ಅಪಾಯ ಎಷ್ಟೋ ಇಳಿಯುತ್ತದೆ. ಹಾಗೆ ಮಾಡಿ ಅಂತ ಹಾಲಿನ ಡೇರಿಗಳಲ್ಲಿ ಹೇಳಬೇಕಾದರೆ ಅಳತೆಯ ಅಂಕಿ ಮೊದಲ ಒಂದೆರಡು ದಿನದಲ್ಲೇ ಜನರ ಕೈಗೆ ಬರಬೇಕು, ಕನ್ನಡದಲ್ಲಿ, ತುಳುವಿನಲ್ಲಿ.

ನಮಸ್ಕಾರ.