ಪೂರ್ತಿ ದವಡೆಯ ಸ್ಕ್ಯಾನ್ ಎಲ್ಲಿ ತಪ್ಪುತ್ತದೆ?

ನಮಸ್ಕಾರ. ಒಬ್ಬ ವೀಕ್ಷಕರು ಕೇಳಿದ್ದಾರೆ: "ನನ್ನ ಒಂದು ಇಂಪ್ಲಾಂಟ್‌ಗೆ ಸ್ಕ್ಯಾನ್ ಸಾಕು ಎಂದ ಡಾಕ್ಟರೇ, ಅಮ್ಮನ ಪೂರ್ತಿ ದವಡೆಗೆ ಪೇಸ್ಟ್ ಹಾಕಿ ಅಚ್ಚು ತೆಗೆದರು. ಯಾಕೆ?" ತುಂಬಾ ಒಳ್ಳೆಯ ಪ್ರಶ್ನೆ.

ಮೊದಲ ಪಾಠ ಬೇಗ ಮುಗಿಸೋಣ. ಇಂಪ್ಲಾಂಟ್ ಎಂದರೆ ದವಡೆ ಮೂಳೆಯಲ್ಲಿ ಕೂರಿಸುವ ಸ್ಕ್ರೂ, ಹೆಚ್ಚಾಗಿ ಟೈಟಾನಿಯಂನದು. ಅದರ ಮೇಲೆ ಸ್ಕ್ಯಾನ್ ಬಾಡಿ ಎಂಬ ಪುಟ್ಟ ಕಂಬ ಬಿಗಿದು ಸ್ಕ್ಯಾನ್ ಮಾಡುತ್ತಾರೆ, ಅಂದರೆ ಪೇಸ್ಟ್ ಬದಲು ಬಾಯೊಳಗೆ ಪುಟ್ಟ ಕ್ಯಾಮೆರಾ ಆಡಿಸಿ ಅಳತೆ ತೆಗೆಯುತ್ತಾರೆ. ಕಂಬ ಎಲ್ಲಿದೆ, ಎತ್ತ ವಾಲಿದೆ ಎಂದು ನೋಡಿ ಸಾಫ್ಟ್‌ವೇರ್ ಇಂಪ್ಲಾಂಟ್ ಇರುವ ಜಾಗವನ್ನು ಲೆಕ್ಕ ಹಾಕುತ್ತದೆ.

ಈಗ ಅಸಲಿ ವಿಷಯ. ಸ್ಕ್ಯಾನರ್ ತುದಿ ಚಿಕ್ಕದು. ದವಡೆ ಪೂರ್ತಿ ಒಂದೇ ಸಲ ಕಾಣುವುದಿಲ್ಲ. ಚಿಕ್ಕ ಚಿಕ್ಕ ಚಿತ್ರಗಳನ್ನು ತೆಗೆದು, ಒಂದಕ್ಕೊಂದು ಹೊಂದಿಸುತ್ತಾ ಹೋಗುತ್ತದೆ. ಫೋನಿನಲ್ಲಿ ಪನೋರಮಾ ತೆಗೆದಿದ್ದೀರಿ ಅಲ್ವಾ? ಅಂಗಡಿ ಸಾಲಿನ ಮುಂದೆ ಚೆನ್ನಾಗಿ ಬರುತ್ತದೆ. ಬೋರ್ಡು, ಬಾಗಿಲು, ಶಟರ್, ಎಲ್ಲವೂ ಗುರುತುಗಳೇ. ಅದೇ ಸುಣ್ಣ ಬಳಿದ ಖಾಲಿ ಕಾಂಪೌಂಡ್ ಮುಂದೆ ತೆಗೆದು ನೋಡಿ. ಯಾವ ತುಂಡು ಎಲ್ಲಿಗೆ ಸೇರಬೇಕು ಎಂದು ಫೋನಿಗೇ ತಿಳಿಯುವುದಿಲ್ಲ. ಗೋಡೆ ಕುಗ್ಗಬಹುದು, ಬಾಗಬಹುದು. ಹಲ್ಲಿಲ್ಲದ ಒಸಡೂ ಹಾಗೆಯೇ: ನುಣುಪು, ಒದ್ದೆ, ಕೆಲವು ಕಡೆ ಅಲುಗಾಡುತ್ತದೆ ಕೂಡ. ಪ್ರತಿ ಜೋಡಣೆಯಲ್ಲಿ ಆಗುವ ಚೂರು ತಪ್ಪು ಮುಂದಿನದಕ್ಕೆ ಸೇರುತ್ತಾ, ದವಡೆಯ ಆ ತುದಿ ಮುಟ್ಟುವಷ್ಟರಲ್ಲಿ ಜಾಸ್ತಿಯಾಗಿರುತ್ತದೆ. ಒಂದೇ ಇಂಪ್ಲಾಂಟ್ ಆದರೆ ಅಕ್ಕಪಕ್ಕದ ಹಲ್ಲುಗಳೇ ಗುರುತು, ದೂರವೂ ಕಡಿಮೆ.

"ಕೆಲವು ಮೈಕ್ರಾನ್ ತಾನೇ" ಅನ್ನಬೇಡಿ. (ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ.) ಸ್ವಂತ ಹಲ್ಲಿನ ಬೇರಿನ ಸುತ್ತ ತೆಳುವಾದ ನಾರಿನ ಪದರ ಇರುತ್ತದೆ. ಕಚ್ಚಿದಾಗ ಹಲ್ಲು ಸುಮಾರು 25ರಿಂದ 100 ಮೈಕ್ರಾನ್ ಕೆಳಗಿಳಿಯುತ್ತದೆ. ಇಂಪ್ಲಾಂಟ್‌ಗೆ ಆ ಪದರವೇ ಇಲ್ಲ. ಅದು ಅಲುಗುವುದು 3ರಿಂದ 5 ಮೈಕ್ರಾನ್ ಅಷ್ಟೇ. ಬ್ರಿಡ್ಜ್, ಅಂದರೆ ಇಂಪ್ಲಾಂಟ್‌ಗಳ ಮೇಲೆ ಕೂರಿಸುವ ಹಲ್ಲಿನ ಸಾಲು, ಸರಿಯಾಗಿ ಕೂರದಿದ್ದರೆ ಇಂಪ್ಲಾಂಟ್ ಸರಿದು ಜಾಗ ಬಿಡುವುದಿಲ್ಲ. ಬ್ರಿಡ್ಜಿನ ಸ್ಕ್ರೂ ಸಡಿಲವಾಗಬಹುದು, ಮುರಿಯಲೂಬಹುದು. ಅದಕ್ಕೇ ಹೇಳುತ್ತೇನೆ, ಪೇಸ್ಟ್ ಹಾಕಿದ ಡಾಕ್ಟರನ್ನು ಸುಮ್ನೆ ಹಳೇ ಕಾಲದವರು ಎಂದುಬಿಡಬೇಡಿ.

ಸಮಯ ಕಡಿಮೆ, ಉಳಿದದ್ದು ಒಟ್ಟಿಗೆ. ಸ್ಕ್ಯಾನ್ ಬಾಡಿ ಸರಿಯಾಗಿ ಕೂರದಿದ್ದರೆ ಅಥವಾ ಸವೆದಿದ್ದರೆ ಅಳತೆ ಕೆಡುತ್ತದೆ. ಎಂಜಲು, ರಕ್ತ, ಕೋಣೆಯ ಬೆಳಕು, ಸ್ಕ್ಯಾನರ್ ಆಡಿಸುವ ದಾರಿ, ಆಡಿಸುವವರ ಕೈ ಪಳಗಿದೆಯೇ ಎಂಬುದು, ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ಪೂರ್ತಿ ದವಡೆಗೆ ಈಗ ಫೋಟೋಗ್ರಾಮೆಟ್ರಿ ಇದೆ. ಬಾಯಿಯ ಹೊರಗಿನ ಕ್ಯಾಮೆರಾ ಎಲ್ಲ ಕಂಬಗಳ ಗುರುತನ್ನೂ ಒಟ್ಟಿಗೆ ನೋಡುತ್ತದೆ. ಒಸಡಿನ ಆಕಾರಕ್ಕೆ ಮಾತ್ರ ಬೇರೆ ಸ್ಕ್ಯಾನ್ ಬೇಕು.

ಪೇಸ್ಟೋ ಸ್ಕ್ಯಾನೋ, ಒಂದು ಮಾತು ಕೇಳಿಬಿಡಿ: "ಡಾಕ್ಟ್ರೇ, ಕೊನೆಯ ಬ್ರಿಡ್ಜ್ ಮಾಡಿಸುವ ಮೊದಲು ಟ್ರಯಲ್ ಕೂರಿಸಿ ನೋಡ್ತೀರಾ?"