ಆ ಹೊತ್ತಿನ ಕಾಟ

ಕೇಳುಗರಿಗೆ ನಮಸ್ಕಾರ.

ಸ್ಕ್ಯಾನಿಂಗ್ ಸೆಂಟರಿನ ಹೊರಗಿನ ಬೆಂಚು ನಿಮ್ಮಲ್ಲಿ ಎಷ್ಟೋ ಜನರಿಗೆ ಗೊತ್ತಿರುತ್ತದೆ. ಕೈಯಲ್ಲಿ ನೀರಿನ ಬಾಟಲಿ. ಕುಡಿದೂ ಕುಡಿದೂ ಹೊಟ್ಟೆ ಬಿಗಿದುಕೊಂಡಿದೆ, ಆದರೆ ಬಾತ್‌ರೂಮಿಗೆ ಹೋಗುವ ಹಾಗಿಲ್ಲ. ಎದುರಿನ ಗೋಡೆ ಮೇಲೆ ‘ಇಲ್ಲಿ ಭ್ರೂಣಲಿಂಗ ಪತ್ತೆ ಮಾಡುವುದಿಲ್ಲ’ ಎಂಬ ಬೋರ್ಡು. ಒಳಗೆ ಹೋದವರು ಹೊರಗೆ ಬಂದ ಕೂಡಲೇ ಬೆಂಚಿನ ಮೇಲಿದ್ದವರೆಲ್ಲ ಅವರ ಮುಖ ನೋಡುತ್ತಾರೆ. ಯಾರೂ ಏನೂ ಕೇಳುವುದಿಲ್ಲ. ಸುಮ್ನೆ ನೋಡುತ್ತಾರೆ.

ಕೆಲವು ವರ್ಷಗಳ ಹಿಂದೆ, ಆಗಸ್ಟ್ 28ರಂದು, ನಾನು ಅಂಥದೊಂದು ಬೆಂಚಿನ ಮೇಲೆ ಕೂತಿದ್ದೆ. ಐದು ತಿಂಗಳ ಬಸುರಿ. ಮಗುವಿನ ಅಂಗಾಂಗ ಎಲ್ಲ ಸರಿಯಾಗಿವೆಯೇ ಎಂದು ನೋಡುವ ದೊಡ್ಡ ಸ್ಕ್ಯಾನ್ ಅವತ್ತು. ಒಳಗೆ ಹೋದೆ. ಹೊಟ್ಟೆ ಮೇಲೆ ತಣ್ಣನೆಯ ಜೆಲ್ ಹಚ್ಚಿದರು. ಮೊದಮೊದಲು ಡಾಕ್ಟರು ತಲೆ, ಬೆನ್ನು, ಕಾಲು ಅಂತ ಹೇಳುತ್ತಾ ಹೋದರು. ಆಮೇಲೆ ಮಾತು ನಿಂತುಹೋಯಿತು. ಒಂದೇ ಜಾಗದಲ್ಲಿ ಮತ್ತೆ ಮತ್ತೆ ಒತ್ತಿ ನೋಡಿದರು. ಕೊನೆಗೆ, “ಮಗು ಮಗ್ಗುಲಾಗಿಬಿಟ್ಟಿದೆ, ಹಾರ್ಟ್ ಸರಿಯಾಗಿ ಕಾಣ್ತಿಲ್ಲ. ಎರಡು ವಾರ ಬಿಟ್ಟು ಬನ್ನಿ” ಎಂದರು. ನಾನಿನ್ನೂ ಜೆಲ್ ಒರೆಸಿಕೊಳ್ಳುತ್ತಿದ್ದೆ, ಆಗಲೇ ಮುಂದಿನವರ ಹೆಸರು ಕೂಗಿದರು. ರಿಪೋರ್ಟಿನಲ್ಲಿ ಇನ್ನೊಂದು ಸಾಲಿತ್ತು. ಮಾಸು, ಅಂದರೆ ಪ್ಲಾಸೆಂಟಾ, ಕೆಳಗೆ ಕೂತಿದೆ ಅಂತ.

ಇವೆರಡೂ ಅಪರೂಪದ ಮಾತಲ್ಲ. ಮಗು ಅಡ್ಡ ತಿರುಗಿದ್ದರೆ ಹೃದಯ ಕಾಣಿಸದಿರುವುದು ಉಂಟು. ಐದನೇ ತಿಂಗಳಲ್ಲಿ ಕೆಳಗಿರುವ ಮಾಸು, ಗರ್ಭಕೋಶ ದೊಡ್ಡದಾದ ಹಾಗೆ ಹೆಚ್ಚಿನವರಲ್ಲಿ ಮೇಲಕ್ಕೆ ಸರಿಯುತ್ತದೆ. ಇಷ್ಟನ್ನು ಅವತ್ತು ಯಾರಾದರೂ ಒಂದು ನಿಮಿಷ ಕೂತು ಹೇಳಿದ್ದರೆ ಸಾಕಿತ್ತು. ಹೇಳಲಿಲ್ಲ. ಲಿಂಗರಾಜಪುರದ ನಮ್ಮ ಮನೆಗೆ ಬಂದು, ರಾತ್ರಿ ಎರಡು ಗಂಟೆವರೆಗೆ ಫೋನಿನಲ್ಲಿ ಹುಡುಕಿದೆ. ಏನೇನು ಓದಿದೆ ಎಂದು ಈಗ ಹೇಳುವುದಿಲ್ಲ. ಕೇಳುತ್ತಿರುವವರಲ್ಲಿ ಬಸುರಿಯರೂ ಇರಬಹುದು.

ನನ್ನ ಭಯಕ್ಕೆ ಹಿಂದಿನ ಕಾರಣವೂ ಇತ್ತು. ಅದಕ್ಕಿಂತ ಮೊದಲು ಒಂದು ಬಸಿರು ಒಂಬತ್ತನೇ ವಾರಕ್ಕೇ ಹೋಗಿತ್ತು. ಶುರುವಿನ ತಿಂಗಳುಗಳಲ್ಲಿ ಹೀಗಾದಾಗ ಹೆಚ್ಚಾಗಿ ಭ್ರೂಣದ ಕ್ರೋಮೋಸೋಮಿನಲ್ಲೇ ಏರುಪೇರಾಗಿರುತ್ತದೆ, ತಾಯಿ ಮಾಡಿದ ತಪ್ಪಲ್ಲ ಎಂದು ಆಗ ನೋಡಿದ ಡಾಕ್ಟರಮ್ಮ ಬಿಡಿಸಿ ಹೇಳಿದ್ದರು. ಆದರೂ ಹಂಪಿನ ಮೇಲೆ ಹಾರಿದ ಸ್ಕೂಟರು, ತಿಂದ ಪರಂಗಿ ಹಣ್ಣಿನ ಹೋಳು, ಎತ್ತಿದ ನೀರಿನ ಬಕೆಟ್ಟು, ಇವೆಲ್ಲ ರಾತ್ರಿ ಸಾಲಾಗಿ ಬಂದು ನಿಲ್ಲುತ್ತಿದ್ದವು. ಮೂರು ತಿಂಗಳು ತುಂಬುವ ತನಕ ಯಾರಿಗೂ ಹೇಳಬಾರದು ಅಂತಾರಲ್ಲ, ಹಾಗಾಗಿ ಬಸಿರಾದದ್ದನ್ನೇ ಹೇಳಿರಲಿಲ್ಲ. ಹೋದದ್ದನ್ನು ಇನ್ಯಾರಿಗೆ ಹೇಳುವುದು?

ಸ್ಕ್ಯಾನ್ ಆದ ಮೇಲಿನ ಭಾನುವಾರ ಚರ್ಚಿನಲ್ಲಿ ಆರಾಧನೆ ಮುಗಿದ ಮೇಲೆ ನಮ್ಮ ಸಭೆಯ ಹಿರಿಯ ಹೆಂಗಸೊಬ್ಬರ ಹತ್ತಿರ ಬಾಯಿಬಿಟ್ಟೆ. ಅವರು ನನ್ನ ತಲೆ ಸವರಿ, “ನಂಬಿಕೆ ಇದ್ದರೆ ಯಾಕಮ್ಮ ಭಯ?” ಎಂದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ಆದರೆ ಅವತ್ತಿನಿಂದ ಭಯದ ಜೊತೆಗೆ ನಾಚಿಕೆಯೂ ಸೇರಿಕೊಂಡಿತು. ಯಾರು ಕೇಳಿದರೂ “ದೇವರ ದಯೆ, ಚೆನ್ನಾಗಿದ್ದೀನಿ” ಅನ್ನುತ್ತಿದ್ದೆ. ಕ್ರೈಸ್ತರ ಮನೆಗಳಲ್ಲಿ ಈ ಮಾತು ಎಷ್ಟು ಸಲ ಸುಳ್ಳಾಗಿರುತ್ತದೋ ಆ ದೇವರಿಗೇ ಗೊತ್ತು.

ಆ ದಿನಗಳಲ್ಲಿ ನಾನು ಓದಿದ್ದು ಹನ್ನಳ ಕಥೆ. ಸಮುವೇಲನ ಮೊದಲನೆಯ ಪುಸ್ತಕ, ಮೊದಲನೇ ಅಧ್ಯಾಯ. ಮಕ್ಕಳಿಲ್ಲದ ಹೆಂಗಸು. ಸವತಿಯ ಚುಚ್ಚುಮಾತು. ಅಳುತ್ತಾಳೆ, ಊಟ ಬಿಡುತ್ತಾಳೆ. ಗಂಡ ಬಂದು, ನಾನು ನಿನಗೆ ಹತ್ತು ಗಂಡುಮಕ್ಕಳಿಗಿಂತ ಹೆಚ್ಚಲ್ಲವೇ ಎಂದು ಕೇಳುತ್ತಾನೆ. ಪಾಪ, ಗಂಡಸರು ಎಲ್ಲ ಕಾಲದಲ್ಲೂ ಹೀಗೇ. ಶೀಲೋವಿನ ದೇವಾಲಯದಲ್ಲಿ ಅವಳು ತುಟಿ ಮಾತ್ರ ಅಲ್ಲಾಡಿಸುತ್ತಾ, ದನಿ ಹೊರಡಿಸದೆ ಪ್ರಾರ್ಥಿಸುತ್ತಾಳೆ. ಯಾಜಕ ಏಲಿ ದೂರದಿಂದ ನೋಡಿ, ಇವಳು ಕುಡಿದಿದ್ದಾಳೆ ಅಂದುಕೊಂಡುಬಿಡುತ್ತಾನೆ! ದೇವಾಲಯದ ಯಾಜಕನಿಗೇ ಸಂಕಟದ ಹೆಣ್ಣಿನ ಗುರುತು ಸಿಗಲಿಲ್ಲ. ಹಾಗಿರುವಾಗ ನಮ್ಮ ಸಭೆಯ ಆ ಹಿರಿಯರ ಮೇಲೆ ನಾನು ಮುನಿಸಿಕೊಂಡು ಏನು ಮಾಡಲಿ?

ಹನ್ನ ಸುಮ್ಮನಾಗಲಿಲ್ಲ. ಕುಡಿದಿಲ್ಲ ಸ್ವಾಮೀ, ಮನಸ್ಸಿನಲ್ಲಿದ್ದದ್ದನ್ನೆಲ್ಲ ದೇವರ ಮುಂದೆ ಸುರಿದುಬಿಟ್ಟೆ ಎಂದು ಹೇಳುತ್ತಾಳೆ. ಏಲಿಗೆ ತಪ್ಪು ತಿಳಿಯುತ್ತದೆ. ಸಮಾಧಾನದಿಂದ ಹೋಗು, ಕೇಳಿದ್ದನ್ನು ದೇವರು ಕೊಡಲಿ ಎಂದು ಹರಸುತ್ತಾನೆ. ಆಮೇಲೆ ಅವಳು ಹೋಗಿ ಊಟ ಮಾಡಿದಳಂತೆ, ಅವಳ ಮುಖದಲ್ಲಿ ಮೊದಲಿನ ದುಃಖ ಇರಲಿಲ್ಲವಂತೆ. ಆ ಸಾಲಿಗೆ ಬಂದಾಗ ನಾನು ಓದುವುದನ್ನು ನಿಲ್ಲಿಸಿದೆ. ಅವಳಿನ್ನೂ ಬಸುರಿಯಾಗಿರಲಿಲ್ಲ. ಕೈಯಲ್ಲಿದ್ದದ್ದು ಏಲಿ ಹರಸಿದ ಒಂದು ಮಾತು ಅಷ್ಟೇ. ಆದರೂ ಊಟ ಸೇರಿತು. ನಾನು ಎರಡು ದಿನದಿಂದ ಸರಿಯಾಗಿ ತಿಂದಿರಲಿಲ್ಲ. ಎದ್ದು ಹೋಗಿ ಮೊಸರನ್ನ ಕಲಸಿಕೊಂಡೆ.

ಇಲ್ಲಿ ನಮ್ಮ ಪಕ್ಕದ ಮನೆ ಆಂಟಿಯ ವಿಷಯ ಹೇಳಬೇಕು. ಅವರು ಕಥೋಲಿಕರು, ನಾವು ಸಿ.ಎಸ್.ಐ., ಅಂದರೆ ದಕ್ಷಿಣ ಭಾರತ ಸಭೆಯ ಪ್ರೊಟೆಸ್ಟೆಂಟರು. ಶಿವಾಜಿನಗರದ ಸೇಂಟ್ ಮೇರಿಸ್ ಬೆಸಿಲಿಕಾದಲ್ಲಿ ಆಗಸ್ಟ್ 29ಕ್ಕೆ ಧ್ವಜ ಏರುತ್ತದೆ, ಸೆಪ್ಟೆಂಬರ್ 8ಕ್ಕೆ ಯೇಸುವಿನ ತಾಯಿ ಮರಿಯ ಮಾತೆಯ ಹಬ್ಬ. ಆ ದಿನಗಳಲ್ಲಿ ಅವರು ಮನೆಯಲ್ಲಿ ನಿಲ್ಲುವವರೇ ಅಲ್ಲ. ಒಂದು ಸಂಜೆ ನನ್ನನ್ನೂ ಆಟೋ ಹತ್ತಿಸಿದರು. ಮಾತೆಗೆ ಪ್ರಾರ್ಥನೆ ಮಾಡುವ ರೂಢಿ ನಮ್ಮಲ್ಲಿಲ್ಲ ಎಂದೆ. “ನೀನು ಮಾಡಬೇಡ ಬಿಡು. ಸುಮ್ನೆ ನನ್ನ ಜೊತೆ ಕೂತಿರು” ಎಂದರು. ಕಾವಿ ಬಣ್ಣದ ಸೀರೆ ಉಟ್ಟ ಹೆಂಗಸರು, ಮೇಣದಬತ್ತಿಯ ಬಿಸಿ, ಮಲ್ಲಿಗೆ ವಾಸನೆ, ಸೀರೆ ಉಟ್ಟು ನಿಂತ ಮಾತೆ. ಆ ಗದ್ದಲದ ನಡುವೆ ಆಂಟಿ ನನ್ನ ಕಿವಿಯ ಹತ್ತಿರ ಬಾಗಿ, “ನನಗೂ ಒಂದು ಹೋಗಿತ್ತು ಕಣೇ” ಎಂದರು. ಹನ್ನೆರಡು ವರ್ಷ ಪಕ್ಕದ ಮನೆಯಲ್ಲಿದ್ದರೂ ಅದು ನನಗೆ ಗೊತ್ತಿರಲಿಲ್ಲ.

ಮನೆಗೆ ಬಂದು ಲೂಕನ ಸುವಾರ್ತೆ ತೆಗೆದೆ. ಲೂಕ ವೈದ್ಯನಾಗಿದ್ದ ಎನ್ನುವುದು ಸಭೆಯ ಹಳೆಯ ನಂಬಿಕೆ. ಪೌಲನೂ ತನ್ನ ಪತ್ರದಲ್ಲಿ ಲೂಕನನ್ನು ಪ್ರಿಯ ವೈದ್ಯ ಎಂದೇ ಕರೆದಿದ್ದಾನೆ. ಮೊದಲನೇ ಅಧ್ಯಾಯ ಓದಿ ನೋಡಿ, ತಿಂಗಳ ಲೆಕ್ಕ ಎಷ್ಟು ಸಲ ಬರುತ್ತದೆ! ಮರಿಯಳ ಬಂಧು ಎಲಿಸಬೇತಳು ಬಸುರಿಯಾದ ಮೇಲೆ ಐದು ತಿಂಗಳು ಮನೆಯಿಂದ ಹೊರಗೆ ಕಾಣಿಸಿಕೊಳ್ಳಲಿಲ್ಲ. ಆಕೆಗೆ ಆರನೇ ತಿಂಗಳು ನಡೆಯುವಾಗ ದೇವದೂತ ಮರಿಯಳ ಹತ್ತಿರ ಬಂದ. ಮರಿಯಳು ಸುಮಾರು ಮೂರು ತಿಂಗಳು ಆಕೆಯ ಮನೆಯಲ್ಲಿ ಉಳಿದಳು. ನಮ್ಮ ತಾಯಿ ಕಾರ್ಡಿನಲ್ಲಿ ಬರೆದ ಹಾಗೇ ಇದೆ.

“ಮರಿಯಳೇ, ಹೆದರಬೇಡ” ಎಂದು ದೇವದೂತ ಹೇಳಿದ, ನಿಜ. ಆದರೆ ಹೇಳಿ ಹೊರಟುಹೋದ. ಆಮೇಲೆ ಮರಿಯಳು ಕೋಣೆಯಲ್ಲಿ ಒಬ್ಬಳೇ ಕೂತು ಹೆದರದೆ ಇರಲು ನೋಡಲಿಲ್ಲ. ಅವಸರವಾಗಿ ಎದ್ದು, ಯೂದಾಯದ ಬೆಟ್ಟದ ಸೀಮೆಗೆ, ಹಲವು ದಿನದ ದಾರಿ ಹಿಡಿದು, ಇನ್ನೊಬ್ಬ ಬಸುರಿಯ ಮನೆಗೆ ಹೋದಳು. ನನ್ನ ಪಾಲಿಗೆ ಪಕ್ಕದ ಗೋಡೆಯಾಚೆಗೇ ಎಲಿಸಬೇತಳಿದ್ದಳು.

ಅವತ್ತಿನಿಂದ ಆಂಟಿ ದಿನಾ ಸಂಜೆ ದಂಟಿನ ಸೊಪ್ಪು ಹಿಡಿದು ನಮ್ಮ ಅಡುಗೆಮನೆಯಲ್ಲಿ ಬಂದು ಕೂರುತ್ತಿದ್ದರು. ಸೊಪ್ಪು ಬಿಡಿಸುತ್ತಾ ಕೇಳುತ್ತಿದ್ದದ್ದು ಒಂದೇ ಮಾತು: “ಇವತ್ತಿನ ಕಾಟ ಏನೇ?” ಅದು ಮತ್ತಾಯನ ಸುವಾರ್ತೆಯ ಮಾತು. ನಾಳೆಯ ಚಿಂತೆ ಬೇಡ, ಆ ಹೊತ್ತಿನ ಕಾಟ ಆ ಹೊತ್ತಿಗೆ ಸಾಕು ಎಂದು ಯೇಸು ಹೇಳಿದ್ದನ್ನು ನಮ್ಮ ಹಳೆಯ ಕನ್ನಡ ಬೈಬಲು ಹಾಗೆ ಇಟ್ಟಿದೆ. ಕಾಟ ಇಲ್ಲ ಅಂತ ಎಲ್ಲೂ ಹೇಳಿಲ್ಲ ನೋಡಿ.

ಕಬ್ಬಿಣದ ಮಾತ್ರೆಯಿಂದ ಹೊಟ್ಟೆ ಕಟ್ಟಿದೆ, ಕಾಲು ಹಿಡಿದುಕೊಳ್ಳುತ್ತದೆ, ಇದು ಇವತ್ತಿನದು. ಹಾರ್ಟಿನ ಚಿಂತೆ ಎತ್ತಿದರೆ ಆಂಟಿ ಗೋಡೆಯಲ್ಲಿದ್ದ ಕ್ಯಾಲೆಂಡರಿನ ಕಡೆ ದಂಟು ತೋರಿಸುತ್ತಿದ್ದರು. “ಅದು ಸೆಪ್ಟೆಂಬರ್ 11ರ ಕಾಟ. ಅಲ್ಲಿ ಬರೆದಿಡು.” ಪೆನ್ಸಿಲಿನಲ್ಲಿ ಬರೆದಿಟ್ಟೆ. ಹಾಸ್ಯ ಅನಿಸಬಹುದು. ಆದರೆ ರಾತ್ರಿ ಎಚ್ಚರವಾದಾಗ, ಅಪ್ಪಾ, ಅದು 11ನೇ ತಾರೀಖಿನದು, ಅಲ್ಲಿಯವರೆಗೆ ನೀನು ಇಟ್ಟುಕೊ ಎನ್ನುವುದೇ ನನ್ನ ಪ್ರಾರ್ಥನೆಯಾಯಿತು. ಕೆಲವು ರಾತ್ರಿ ನಿದ್ದೆ ಬಂತು. ಕೆಲವು ರಾತ್ರಿ ಬರಲಿಲ್ಲ.

ಒಂದು ಮಾತು ಬಿಡಿಸಿಯೇ ಹೇಳುತ್ತೇನೆ. ನಂಬಿದರೆ ಎಲ್ಲ ಸರಿಹೋಗುತ್ತದೆ ಎಂದು ನಾನು ಹೇಳಲಾರೆ. ಮೊದಲನೆಯದು ಹೋದಾಗಲೂ ನಾನು ಪ್ರಾರ್ಥಿಸುತ್ತಿದ್ದೆ. ರಕ್ತ ಕಂಡರೆ, ಮಗುವಿನ ಓಡಾಟ ಕಡಿಮೆಯಾದರೆ, ಮೊದಲು ಆಸ್ಪತ್ರೆಗೆ ಹೊರಡಿ, ಪ್ರಾರ್ಥನೆ ಆಟೋದಲ್ಲಿ ಮಾಡಿಕೊಳ್ಳಿ. ವಾರಗಟ್ಟಲೆ ನಿದ್ದೆಯಿಲ್ಲ, ಊಟ ಸೇರುತ್ತಿಲ್ಲ, ಯಾವುದರಲ್ಲೂ ಮನಸ್ಸಿಲ್ಲ ಎಂದಾದರೆ ಅದನ್ನೂ ಡಾಕ್ಟರಿಗೆ ಹೇಳಬೇಕು. ಲೋಕದಲ್ಲಿ 100 ಬಸುರಿಯರಲ್ಲಿ ಸುಮಾರು 10 ಜನರಿಗೆ, ಹೆರಿಗೆಯಾದ ಮೇಲೆ ಸುಮಾರು 13 ಜನರಿಗೆ, ಖಿನ್ನತೆಯಂಥ ಮಾನಸಿಕ ಕಾಯಿಲೆ ಕಾಡುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ನಮ್ಮ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತಾಯಿ ಮತ್ತು ಕೂಸಿಗೆ ಅಂತಲೇ ವಾರ್ಡು ಇದೆ. ಮನೆಯಿಂದಲೇ ಮಾತಾಡಬೇಕೆಂದರೆ ಟೆಲಿ ಮನಸ್ ಸಹಾಯವಾಣಿ, 14416, ದುಡ್ಡು ಕೊಡಬೇಕಿಲ್ಲ. ಹಾಗೆ ಫೋನ್ ಮಾಡುವುದು ನಂಬಿಕೆ ಕಡಿಮೆಯಾದ ಲಕ್ಷಣ ಎಂದು ಯಾರಾದರೂ ಅಂದರೆ, ಅವರಿಗೆ ಏಲಿಯ ಕಥೆ ಹೇಳಿ.

ಸೆಪ್ಟೆಂಬರ್ 11 ಬಂತು. ಅದೇ ಬೆಂಚು, ಅದೇ ಬೋರ್ಡು. ಈ ಸಲ ಒಂದು ಪಕ್ಕದಲ್ಲಿ ನಮ್ಮನೆಯವರು, ಇನ್ನೊಂದು ಪಕ್ಕದಲ್ಲಿ ಆಂಟಿ. ನನ್ನ ಕೈಕಾಲು ತಣ್ಣಗಾಗಿದ್ದವು. ಒಳಗೆ ಬೇರೆ ಡಾಕ್ಟರಿದ್ದರು. ಪರದೆಯನ್ನು ನನ್ನ ಕಡೆ ತಿರುಗಿಸಿ, “ನೋಡಿ, ನಾಲ್ಕು ಕೋಣೆ. ಒಂದು, ಎರಡು, ಮೂರು, ನಾಲ್ಕು” ಎಂದು ಬೆರಳಿಟ್ಟು ಎಣಿಸಿದರು. ಮಾಸು ಮಾತ್ರ ಇನ್ನೂ ಕೆಳಗೇ ಇತ್ತು. 32ನೇ ವಾರಕ್ಕೆ ಮತ್ತೆ ನೋಡೋಣ ಎಂದರು.

ಮನೆಗೆ ಬಂದು ಕ್ಯಾಲೆಂಡರಿನ ಹಾಳೆ ಮಗುಚಿ, ನವೆಂಬರಿನಲ್ಲಿ ಪೆನ್ಸಿಲಿನಿಂದ ಗುರುತು ಹಾಕಿದೆ. ಆಂಟಿ ಅಷ್ಟರಲ್ಲಿ ಸೊಪ್ಪು ಬಿಡಿಸಲು ಕೂತಿದ್ದರು.

ನಮಸ್ಕಾರ.