ತೆಗೆದ ಫೋಟೋ ತಿದ್ದಬೇಕಾ, ಬಿಡಬೇಕಾ?

ಕೇಳುಗರೆಲ್ಲರಿಗೂ ನಮಸ್ಕಾರ.

ಬೀದರಿನಲ್ಲಿ ಫೋಟೋ ಸ್ಟುಡಿಯೋ ನಡೆಸುವ ನನ್ನಂಥವನಿಗೆ ಎರಡು ಥರದ ಗಿರಾಕಿಗಳು ಸಿಗುತ್ತಾರೆ. "ಎಡಿಟ್ ಗಿಡಿಟ್ ಏನೂ ಬ್ಯಾಡ್ರಿ, ಹ್ಯಾಂಗ್ ಅದ ಹಂಗೇ ಕೊಡ್ರಿ" ಅನ್ನುವವರು ಕೆಲವರು. "ಮಸ್ತ್ ಎಡಿಟ್ ಮಾಡ್ರಿ ಅಣ್ಣಾ, ಸಿನಿಮಾ ಹೀರೋ ಹಂಗ ಕಾಣಬೇಕು" ಅನ್ನುವವರು ಹಲವರು. ಹೀರೋಗಳ ವಿಷಯಕ್ಕೆ ಆಮೇಲೆ ಬರೋಣ. ಮೊದಲು ಆ ಎಡಿಟ್ ಬೇಡ ಅನ್ನುವವರಿಗೆ ಒಂದು ಮಾತು ಹೇಳಬೇಕು. ಯಾರೂ ಕೈ ಹಚ್ಚದ ಡಿಜಿಟಲ್ ಫೋಟೋ ಅಂತ ಒಂದು ಇರುವುದೇ ಇಲ್ಲ.

ಹೇಗೆ ಅಂತೀರಾ? ಕ್ಯಾಮೆರಾದ ಒಳಗೆ ಸೆನ್ಸರ್ ಅಂತ ಒಂದು ಸಣ್ಣ ಬಿಲ್ಲೆ ಇರುತ್ತದೆ. ಅದರ ತುಂಬ ಲಕ್ಷ ಲಕ್ಷ ಚುಕ್ಕೆಗಳು. ಈ ಚುಕ್ಕೆಗಳಿಗೆ ಬಣ್ಣ ತಿಳಿಯುವುದಿಲ್ಲ. ಬೆಳಕು ಎಷ್ಟು ಬಿತ್ತು ಅನ್ನುವುದು ಮಾತ್ರ ಗೊತ್ತು. ಅದಕ್ಕೇ ಒಂದೊಂದು ಚುಕ್ಕೆಯ ಮೇಲೂ ಒಂದೊಂದು ಬಣ್ಣದ ತೆಳು ಪದರ ಕೂರಿಸಿರುತ್ತಾರೆ. ಅರ್ಧದಷ್ಟು ಹಸಿರು, ಉಳಿದರ್ಧದಲ್ಲಿ ಕೆಂಪು ಮತ್ತು ನೀಲಿ ಸಮಪಾಲು. ಕೊಡಾಕ್ ಕಂಪನಿಯ ಬ್ರೈಸ್ ಬೇಯರ್ ಅನ್ನುವವರ ಈ ಜೋಡಣೆಗೆ 1976ರಲ್ಲಿ ಪೇಟೆಂಟ್ ಸಿಕ್ಕಿತು. ಇವತ್ತಿನ ಬಹುಪಾಲು ಕ್ಯಾಮೆರಾ, ಮೊಬೈಲುಗಳಲ್ಲೂ ಇರುವುದು ಅದೇ, ಇಲ್ಲವೇ ಅದರದೇ ಮರಿ. ಅಂದರೆ ಒಂದು ಚುಕ್ಕೆ ಮೂರು ಬಣ್ಣಗಳಲ್ಲಿ ಒಂದನ್ನು ಮಾತ್ರ ಅಳೆಯುತ್ತದೆ. ಉಳಿದೆರಡನ್ನು ಅಕ್ಕಪಕ್ಕದ ಚುಕ್ಕೆ ನೋಡಿ ಯಂತ್ರ ಅಂದಾಜು ಮಾಡುತ್ತದೆ! ಆಮೇಲೆ ಬೆಳಕು ಹೊಂದಿಸಿ, ಬಣ್ಣ ಏರಿಸಿ, ಅಂಚು ಚೂಪು ಮಾಡಿ, ಒತ್ತಿ ಚಿಕ್ಕದು ಮಾಡಿ ನಮ್ಮ ಕೈಗೆ ಕೊಡುತ್ತದೆ. ಮೊಬೈಲ್ ಇನ್ನೂ ಒಂದು ಹೆಜ್ಜೆ ಮುಂದೆ. ನೀವು ಒತ್ತಿದ್ದು ಒಂದೇ ಸಲ, ಅದು ಹತ್ತಾರು ಚಿತ್ರ ಹಿಡಿದು ಕಲಸಿ ಒಂದು ಮಾಡಿರುತ್ತದೆ.

ಹಾಗಾದರೆ ಫೋಟೋ ಹೇಗೂ ತಿದ್ದಿಸಿಕೊಂಡೇ ಬರುತ್ತದೆ. ಕೊನೆಯ ಮಾತು ಯಂತ್ರದ್ದೋ, ನಿಮ್ಮದೋ ಅನ್ನುವುದಷ್ಟೇ ಪ್ರಶ್ನೆ. ನಾನಂತೂ ನಿಮ್ಮದೇ ಇರಲಿ ಅನ್ನುತ್ತೇನೆ. ಯಾಕೆಂದರೆ ಅಲ್ಲಿ ನಿಂತು ಕಣ್ಣಾರೆ ನೋಡಿದವರು ನೀವು.

ಮದುವೆ ಮನೆಯ ಅರಿಶಿನದ ಕಾರ್ಯಕ್ರಮ ನೋಡಿ. ಹಳದಿ ಸೀರೆ, ಹಳದಿ ಕೆನ್ನೆ, ಹಿಂದೆ ಚೆಂಡು ಹೂವಿನ ಪರದೆ. ಕ್ಯಾಮೆರಾ ಏನು ತಿಳಿಯುತ್ತದೆ ಗೊತ್ತಾ? ಇಲ್ಲಿನ ಬೆಳಕೇ ಹಳದಿ, ಸ್ವಲ್ಪ ನೀಲಿ ಸೇರಿಸಿ ಸರಿ ಮಾಡೋಣ ಅಂದುಕೊಳ್ಳುತ್ತದೆ. ಅಷ್ಟು ಅರಿಶಿನ ಬಳಿದರೂ ಫೋಟೋದಲ್ಲಿ ಮದುಮಗಳು ಪೇಲವ. ಮೊಬೈಲಿನ ಎಡಿಟ್ ಒಳಗೆ ವಾರ್ಮ್ತ್ ಅಂತ ಒಂದು ಪಟ್ಟಿ ಇರುತ್ತದೆ. ಅದನ್ನು ಒಂಚೂರು ಬಲಕ್ಕೆ ಎಳೆಯಿರಿ, ಅರಿಶಿನ ವಾಪಸ್ ಬರುತ್ತದೆ. ಇದಕ್ಕೆ ಸುಳ್ಳು ಅಂತೀರಾ?

ನನಗೆ ಜಾಸ್ತಿ ಕೆಲಸ ಕೊಡುವುದು ನಮ್ಮೂರಿನ ಬಿದ್ರಿ, ಅಂದರೆ ಕಪ್ಪು ಲೋಹದಲ್ಲಿ ಬೆಳ್ಳಿ ಕೂರಿಸಿದ ಸಾಮಾನು. ಬಿದ್ರಿಯ ಹೂಜಿಯನ್ನು ಮೇಜಿನ ಮೇಲಿಟ್ಟು ಹತ್ತಿರದಿಂದ ಒಂದು ಫೋಟೋ ಹೊಡೆಯಿರಿ. ಆ ಕಡುಗಪ್ಪು ಬೂದಿ ಬಣ್ಣಕ್ಕೆ ತಿರುಗಿರುತ್ತದೆ. ಕ್ಯಾಮೆರಾದ ಲೆಕ್ಕವೇ ಹಾಗೆ. ಎದುರಿಗಿರುವುದೆಲ್ಲ ಸೇರಿ ನಡುವಿನ ಬೂದು ಬಣ್ಣ ಅಂತ ಹಿಡಿದುಕೊಂಡು ಬೆಳಕು ಅಳೆಯುತ್ತದೆ. ಚೌಕಟ್ಟಿನ ತುಂಬ ಕಪ್ಪಿದ್ದರೆ ಅದನ್ನು ಬೂದು ಮಾಡುತ್ತದೆ. ಬಿಳಿಯಿದ್ದರೂ ಅಷ್ಟೇ. ಕಲಬುರಗಿಯ ಬುದ್ಧ ವಿಹಾರದ ಬಿಳಿ ಗುಮ್ಮಟ ಮಾಸಿದ ಪಂಚೆಯ ಹಾಗೆ ಬರುವುದು ಇದಕ್ಕೇ.

ಬಿದ್ರಿ ಮಾಡುವುದನ್ನು ನೋಡಿದವರಿಗೆ ಇನ್ನೊಂದು ವಿಷಯ ಗೊತ್ತಿರುತ್ತದೆ. ಸತು, ತಾಮ್ರದ ಎರಕಕ್ಕೆ ಬೆಳ್ಳಿ ತಂತಿ ಬಡಿದು ಕೂರಿಸಿ ಉಜ್ಜುತ್ತಾರಲ್ಲ, ಆಗ ಲೋಹವೂ ಬಿಳಚು, ಬೆಳ್ಳಿಯೂ ಬಿಳಚು. ಬಳ್ಳಿ ಎಲ್ಲಿದೆ, ಹೂವು ಎಲ್ಲಿದೆ ಅಂತ ಹುಡುಕಬೇಕು. ಕೊನೆಗೆ ಕೋಟೆಯ ಮಣ್ಣಿಗೆ ನವಸಾಗರ ಬೆರೆಸಿ, ಕಾದ ಪಾತ್ರೆಗೆ ಹಚ್ಚಿದಾಗ ಲೋಹ ಮಾತ್ರ ಕಪ್ಪಾಗುತ್ತದೆ. ಬೆಳ್ಳಿ ಹಾಗೇ ಉಳಿದು ಎದ್ದು ಕಾಣುತ್ತದೆ. ಅಲ್ಲಿ ಹೊಸದಾಗಿ ಯಾರೂ ಹೂವು ಕೆತ್ತಲಿಲ್ಲ. ಇದ್ದದ್ದೇ ಕಾಣಿಸಿತು. ಬ್ಲ್ಯಾಕ್ ಪಾಯಿಂಟ್ ಪಟ್ಟಿ ಎಳೆದು ಹೂಜಿಯ ಕಪ್ಪನ್ನು ಮತ್ತೆ ಕಪ್ಪು ಮಾಡುವಾಗ ನನ್ನದೂ ಅಷ್ಟೇ ಕೆಲಸ.

ಆದರೆ ಎಡಿಟಿಂಗ್‌ಗೂ ಆಗದ್ದು ಒಂದಿದೆ. ಬೆಳ್ಳಿಯ ಮೇಲೆ ಟ್ಯೂಬ್‌ಲೈಟ್ ಹೊಳೆದು ಅಪ್ಪಟ ಬಿಳಿ ಕಲೆ ಬಿದ್ದಿದ್ದರೆ ಮುಗಿಯಿತು. ಮಾಮೂಲಿ ಜೆಪೆಗ್ ಫೋಟೋದಲ್ಲಿ ಪ್ರತಿ ಬಣ್ಣಕ್ಕೂ 0ಯಿಂದ 255ರವರೆಗೆ 256 ಮೆಟ್ಟಿಲು. ಮೂರು ಬಣ್ಣವೂ 255 ಮುಟ್ಟಿದ ಜಾಗದಲ್ಲಿ ಗೆರೆಯೂ ಇಲ್ಲ, ಹೂವೂ ಇಲ್ಲ. ಕತ್ತಲಲ್ಲಿ ಅಡಗಿದ್ದನ್ನು ಸ್ವಲ್ಪ ಮಟ್ಟಿಗೆ ಎಳೆದು ತರಬಹುದು. ಸುಟ್ಟುಹೋದ ಬಿಳಿ ಬರುವುದಿಲ್ಲ. ಆದ್ದರಿಂದ ತೆಗೆಯುವಾಗಲೇ ಪರದೆ ಮುಟ್ಟಿ ಬೆಳಕು ಒಂದಿಷ್ಟು ಇಳಿಸಿಕೊಳ್ಳಿ. ನಮ್ಮ ಕಡೆಯ ಏಪ್ರಿಲ್, ಮೇ ಬಿಸಿಲಿಗೆ ಇದು ಬೇಕೇ ಬೇಕು. ಒಳ್ಳೆ ಕ್ಯಾಮೆರಾ ಇದ್ದವರು ರಾ ಫೈಲಿನಲ್ಲಿ, ಅಂದರೆ ಸೆನ್ಸರ್ ಅಳೆದದ್ದನ್ನು ಇನ್ನೂ ಫೋಟೋ ಮಾಡದೆ ಇಟ್ಟ ಫೈಲಿನಲ್ಲಿ, ತೆಗೆದರೆ ಮೆಟ್ಟಿಲು ಜಾಸ್ತಿ. 14 ಬಿಟ್ಟಿನ ರಾ ಫೈಲಿಗೆ 16,384. ಆದರೆ ಅದನ್ನು ಕೂತು ತಿದ್ದಲೇಬೇಕು. ಹಬ್ಬಕ್ಕೆ ಮನೆಯವರ ಫೋಟೋ ತೆಗೆಯುವವರಿಗೆ ಈ ಉಸಾಬರಿ ಬೇಡ.

ಈಗ ಹೀರೋಗಳ ವಿಷಯ. ಹೆಣ್ಣಿನ ಫೋಟೋ ತೆಗೆಸಲು ಬರುವ ತಂದೆ ತಾಯಿ ಕಿವಿಯ ಹತ್ತಿರ ಬಂದು ಮೆಲ್ಲಗೆ ಹೇಳುತ್ತಾರೆ: "ಸ್ವಲ್ಪ ಬೆಳ್ಳಗ ಮಾಡ್ರಿ ಅಣ್ಣಾ, ನಾಳಿ ಹುಡುಗನ ಕಡಿಯವ್ರಿಗಿ ಕಳಸೋದದ." ಹುಡುಗಿ ಅಲ್ಲೇ ಕುರ್ಚಿಯ ಮೇಲೆ ಕೂತು ಕೇಳಿಸಿಕೊಳ್ಳುತ್ತಿರುತ್ತಾಳೆ. ನಾನು ಆಗಲ್ಲ ಅಂತೀನಿ. ನೆರಳು ಬಿದ್ದ ಮುಖಕ್ಕೆ ಬೆಳಕು ಕೊಡುತ್ತೇನೆ, ಬಣ್ಣ ಬದಲಿಸುವುದಿಲ್ಲ. ಮೊಡವೆ ತೆಗೆಯುತ್ತೇನೆ, ಅದು ವಾರದಲ್ಲಿ ತಾನಾಗೇ ಹೋಗುತ್ತದೆ. ಮಚ್ಚೆ ತೆಗೆಯುವುದಿಲ್ಲ. ಅರ್ಜಿಗಳಲ್ಲಿ ಗುರುತಿಗೆ ಬರೆಸುವುದೇ ಮಚ್ಚೆ, ಅಲ್ವಾ? ಇಷ್ಟಕ್ಕೆ ಎದ್ದು ಬೇರೆ ಅಂಗಡಿಗೆ ಹೋದವರಿದ್ದಾರೆ, ಹೋಗಲಿ. ಬೇಸರದ ಸಂಗತಿ ಅಂದರೆ ಎಷ್ಟೋ ಮೊಬೈಲುಗಳಲ್ಲಿ ಬ್ಯೂಟಿ ಮೋಡ್ ಕೇಳದೇನೇ ಈ ಕೆಲಸ ಮಾಡಿಟ್ಟಿರುತ್ತದೆ. ಕ್ಯಾಮೆರಾ ತೆರೆದು ಅದು ಆನ್ ಇದೆಯಾ ಅಂತ ಒಮ್ಮೆ ನೋಡಿಕೊಳ್ಳಿ.

ತಿದ್ದುವುದು ಹೊಸ ಚಾಳಿಯೇನೂ ಅಲ್ಲ. ಕಪ್ಪು ಬಿಳುಪಿನ ಕಾಲದಲ್ಲಿ ನೆಗೆಟಿವ್ ಮೇಲೆ ಸೀಸದ ಕಡ್ಡಿಯಿಂದ ಮುಖದ ಸುಕ್ಕು ಮುಚ್ಚುತ್ತಿದ್ದರು. ಡಾರ್ಕ್‌ರೂಮಿನಲ್ಲಿ ಅಂಗೈ ಅಡ್ಡ ಹಿಡಿದು ಒಂದು ಕಡೆ ಬೆಳಕು ಕಡಿಮೆ, ಇನ್ನೊಂದು ಕಡೆ ಜಾಸ್ತಿ ಬೀಳಿಸುತ್ತಿದ್ದರು. ಫೋಟೋಶಾಪ್ ಮಾರುಕಟ್ಟೆಗೆ ಬಂದದ್ದು 1990ರಲ್ಲಿ. ಅದಕ್ಕೂ ಮೊದಲೇ, 1982ರ ಫೆಬ್ರವರಿ ಸಂಚಿಕೆಯಲ್ಲಿ, ನ್ಯಾಷನಲ್ ಜಿಯಾಗ್ರಫಿಕ್ ಪತ್ರಿಕೆ ಈಜಿಪ್ಟಿನ ಪಿರಮಿಡ್ಡುಗಳನ್ನು ಕಂಪ್ಯೂಟರಿನಲ್ಲಿ ಹತ್ತಿರ ಸರಿಸಿ ಮುಖಪುಟಕ್ಕೆ ಹೊಂದಿಸಿತ್ತು. ಅಡ್ಡ ಫೋಟೋ, ಉದ್ದ ಪುಟ, ಕಾರಣ ಅಷ್ಟೇ. ದೊಡ್ಡ ಗದ್ದಲವಾಯಿತು.

ಇದ್ದದ್ದನ್ನು ಕಾಣಿಸುವುದು ಸರಿ, ಇಲ್ಲದ್ದನ್ನು ತೋರಿಸುವುದು ತಪ್ಪು. ಇದೇ ಅಳತೆಯಲ್ಲಿ ನಮ್ಮ ಬೀದರಿನ ಮಹಮೂದ್ ಗವಾನ್ ಮದರಸಾ ನೋಡಿ. 1472ರ ಕಟ್ಟಡ. ಎದುರು ನಿಂತು ಮೊಬೈಲ್ ಮೇಲೆತ್ತಿದರೆ ಮಿನಾರು ಹಿಂದಕ್ಕೆ ವಾಲಿದಂತೆ ಬರುತ್ತದೆ. ಎಡಿಟ್‌ನಲ್ಲಿ ಅದನ್ನು ನೆಟ್ಟಗೆ ನಿಲ್ಲಿಸಿ. ಅಡ್ಡ ಬಂದ ಕರೆಂಟಿನ ತಂತಿ ಕತ್ತರಿಸಲು ಆದರೆ ಕತ್ತರಿಸಿ. ಆದರೆ ಈಗ ಉಳಿದಿರುವುದು ಒಂದೇ ಮಿನಾರು. ಇನ್ನೊಂದು ಬದಿಯದು ಬಿದ್ದು ಶತಮಾನಗಳೇ ಆದವು. ಇವತ್ತಿನ ಮೊಬೈಲಿನಲ್ಲಿ ಇರುವ ಮಿನಾರನ್ನೇ ತಿರುಗಿಸಿ ಆ ಕಡೆ ಅಂಟಿಸುವುದು ನಿಮಿಷದ ಆಟ. ಚೆಂದವೂ ಕಾಣುತ್ತದೆ. ಅದನ್ನು ನೋಡಿ ದೂರದೂರಿಂದ ಬಂದವರು ಗೇಟಿನ ಹತ್ತಿರ ನಿಂತು ಕತ್ತೆತ್ತಿದಾಗ ಏನಂದಾರು?

ಕೊನೆಯದಾಗಿ ರೈತರಿಗೆ ಒಂದು ಮಾತು, ಇದನ್ನು ಮಾತ್ರ ಗಮನವಿಟ್ಟು ಕೇಳಿ. ಹೊಲದಲ್ಲಿ ನೀರು ನಿಂತು ತೊಗರಿ ಹಾಳಾಯಿತು, ಆಲಿಕಲ್ಲು ಬಿತ್ತು ಅಂದರೆ ಫಸಲ್ ಬಿಮಾ ಯೋಜನೆಯಲ್ಲಿ 72 ಗಂಟೆಯೊಳಗೆ ತಿಳಿಸಬೇಕು. ಆಗ ತೆಗೆಯುವ ಫೋಟೋಗೆ ಯಾವ ಎಡಿಟಿಂಗೂ ಬೇಡ. ಕತ್ತರಿಸಬೇಡಿ, ಬೆಳಕು ಏರಿಸಬೇಡಿ. ತೆಗೆಯುವ ಮೊದಲು ಲೊಕೇಶನ್ ಆನ್ ಮಾಡಿ, ಆಗ ದಿನ, ಸಮಯ, ಜಾಗ ಮೂರೂ ಫೋಟೋದ ಒಳಗೇ ದಾಖಲಾಗುತ್ತವೆ. ವಾಟ್ಸಾಪಿನಲ್ಲಿ ಸುಮ್ನೆ ಫೋಟೋ ಅಂತ ಕಳಿಸಿದರೆ ಅದು ಚಿಕ್ಕದಾಗುತ್ತದೆ, ಒಳಗಿನ ಈ ವಿವರವೂ ಅಳಿಸಿಹೋಗುತ್ತದೆ. ಡಾಕ್ಯುಮೆಂಟ್ ಅನ್ನುವ ಗುರುತು ಒತ್ತಿ, ಅದರ ಮೂಲಕ ಕಳಿಸಿ. ಮೂಲ ಫೋಟೋ ಕ್ಲೇಮ್ ಮುಗಿಯುವವರೆಗೂ ಮೊಬೈಲಿನಲ್ಲೇ ಇರಲಿ, ಜಾಗ ಸಾಲದಿದ್ದರೆ ಬೇರೆ ಏನಾದರೂ ಅಳಿಸಿ.

ನಮಸ್ಕಾರ.